ನಿಜವಾದ ಪೈಲ್ವಾನ ಯಾರು?



ನೀವು ಸರಸಂಬಾದವರಾಗಿದ್ದರೆ, ಅಥವಾ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ಹಳ್ಳಿಯವರೇ ಆಗಿದ್ದರೂ, ಜಾತ್ರೆ ಉರುಸುಗಳಲ್ಲಿ ನಡೆಯುವ ಜಂಗಿ ನಿಕಾಲಿ ಕುಸ್ತಿಯನ್ನು ನೋಡಿರುತ್ತೀರಿ. ಹಲಗೆಯ ಸದ್ದು, ಮಣ್ಣು ಮೆತ್ತಿದ ಮೈಗಳು, ಸುತ್ತಲೂ ಕಿಕ್ಕಿರಿದ ಜನ. ಎದುರಾಳಿಯನ್ನು ಚಿತ್ ಮಾಡಿದವನ ಕೈಗೆ ಬೆಳ್ಳಿಯ ಕಡಗ ಬೀಳುತ್ತದೆ. ಊರಿನ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಆದರೆ ಅದೇ ಪೈಲ್ವಾನ ಮರುದಿನ ಚಹಾದಂಗಡಿಯಲ್ಲಿ ಯಾರೋ ಆಡಿದ ಒಂದು ಚುಚ್ಚುಮಾತಿಗೆ ಕೆರಳಿ, ತನ್ನ ಅರ್ಧದಷ್ಟೂ ಬಲವಿಲ್ಲದ ಒಬ್ಬನ ಮೇಲೆ ಕೈಯೆತ್ತಿದನೆಂದಿಟ್ಟುಕೊಳ್ಳಿ. ಆಗ ಅವನನ್ನು ಚಿತ್ ಮಾಡಿದವರು ಯಾರು? ಎದುರಿಗಿದ್ದ ಆ ಬಡಪಾಯಿಯಂತೂ ಅಲ್ಲ. ಅವನ ಸಿಟ್ಟೇ ಅವನನ್ನು ಕೆಡವಿತು.

ಎದುರಾಳಿಯನ್ನು ನೆಲಕ್ಕೆ ಕೆಡವಿದವನು ಬಲಶಾಲಿಯಲ್ಲ, ಕೋಪ ಬಂದಾಗ ತನ್ನನ್ನು ತಾನು ಹಿಡಿದುಕೊಂಡವನೇ ಬಲಶಾಲಿ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿಕೊಟ್ಟ ವಿಷಯ ನಮಗೆಲ್ಲ ಗೊತ್ತಿದೆ. ಜುಮಾ ಪ್ರವಚನದಲ್ಲಿ ಕೇಳಿದ್ದೇವೆ, ಮದ್ರಸಾದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಆದರೆ ಇದನ್ನು ನಾವು ನಿಜವಾಗಿಯೂ ನಂಬುತ್ತೇವೆಯೇ? ಹೊಲದ ಬದುವಿನ ಜಗಳದಲ್ಲಿ ಮಾತು ನುಂಗಿಕೊಂಡು ಮನೆಗೆ ಬಂದವನನ್ನು ನಾವು ಏನೆನ್ನುತ್ತೇವೆ? ‘ಅಂಜುಬುರುಕ’ ಎನ್ನುತ್ತೇವೆ. ತಿರುಗಿ ಬೈದು, ಕಲ್ಲೆತ್ತಿ ಬಂದವನನ್ನು ‘ಗಂಡಸು’ ಎನ್ನುತ್ತೇವೆ. ಹಾಗಾದರೆ ಸಂಯಮವೆಂಬುದು ಬಲವೋ ಅಥವಾ ಬಲವಿಲ್ಲದವನ ನೆಪವೋ? ಈ ಪ್ರಶ್ನೆಯನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾಗಿದೆ.

ಬಲವಿಲ್ಲದವನು ಸುಮ್ಮನಿದ್ದರೆ ಅದು ಸಂಯಮವೋ ಭಯವೋ ಎಂದು ಹೇಳುವುದು ಕಷ್ಟ. ಆದುದರಿಂದ ಬಲವನ್ನೇ ಕಸುಬಾಗಿಸಿಕೊಂಡ, ಹೊಡೆತ ಕೊಡುವುದೂ ತಿನ್ನುವುದೂ ದಿನನಿತ್ಯದ ಕೆಲಸವಾಗಿರುವ ಒಬ್ಬನ ಬದುಕನ್ನು ಮುಂದಿಟ್ಟುಕೊಂಡು ನೋಡೋಣ. ಅಂಥವರೊಬ್ಬರು ನಮ್ಮಿಂದ ಬಹುದೂರದ ಕೆನಡಾ ದೇಶದವರು. ಅವರ ಹೆಸರು ನಾಝಿಮ್ ಕಾದ್ರಿ. ಅವರು ಐಸ್ ಹಾಕಿ ಆಟಗಾರ.

ನಮ್ಮ ಕಡೆ ಬರ್ಫವೆಂದರೆ ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವ ವಸ್ತು. ಅಲ್ಲಿ ಅದರ ಮೇಲೆಯೇ ಆಟ ನಡೆಯುತ್ತದೆ. ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲದ ಹೆಪ್ಪುಗಟ್ಟಿದ ಅಂಕಣ, ಸುತ್ತಲೂ ಗಟ್ಟಿಯಾದ ತಡೆಗೋಡೆ. ಬೂಟಿನ ಕೆಳಗೆ ಉಕ್ಕಿನ ಅಲಗು ಕಟ್ಟಿಕೊಂಡ ಆಟಗಾರರು, ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಮಂದಿ, ಕುದುರೆಯ ವೇಗದಲ್ಲಿ ಜಾರುತ್ತಾರೆ. ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ. ಈ ಆಟದಲ್ಲಿ ಮೈಗೆ ಮೈ ಹಾಯಿಸುವುದಕ್ಕೆ ಅನುಮತಿಯಿದೆ. ಆದರೆ ಅದಕ್ಕೊಂದು ಮಿತಿಯೂ ಇದೆ. ತಲೆಗೆ ಗುರಿಯಿಟ್ಟು ಹೊಡೆಯಬಾರದು, ಬೆನ್ನ ಹಿಂದಿನಿಂದ ಗೋಡೆಗೆ ನೂಕಬಾರದು, ಕೋಲಿನಿಂದ ಮುಖಕ್ಕೆ ಬೀಸಬಾರದು. ಮಿತಿ ಮೀರಿದವನು ಅಂಕಣದ ಪಕ್ಕದಲ್ಲಿರುವ ಗಾಜಿನ ಕಟಕಟೆಯಂಥ ಜಾಗಕ್ಕೆ ಹೋಗಿ ಕುಳಿತುಕೊಳ್ಳಬೇಕು. ಸಣ್ಣ ತಪ್ಪಿಗೆ ಎರಡು ನಿಮಿಷ, ದೊಡ್ಡದಕ್ಕೆ ಐದು. ಅಷ್ಟು ಹೊತ್ತು ಅವನ ತಂಡ ಒಬ್ಬ ಆಟಗಾರನನ್ನು ಕಳೆದುಕೊಂಡು ಆಡಬೇಕು. ತಪ್ಪು ಇನ್ನೂ ಘೋರವಾದರೆ ಹಲವು ಪಂದ್ಯಗಳ ನಿಷೇಧ.

ಓದುಗರು ಈ ನಿಯಮವನ್ನು ನೆನಪಿಟ್ಟುಕೊಳ್ಳಬೇಕು. ಸಿಟ್ಟು ಒಬ್ಬನದು, ದಂಡ ಎಲ್ಲರಿಗೆ.

ಕಾದ್ರಿ ಹುಟ್ಟಿದ್ದು 1990ರ ಅಕ್ಟೋಬರ್ 6ರಂದು, ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಂಡನ್ ನಗರದಲ್ಲಿ. ಇಂಗ್ಲೆಂಡಿನ ಲಂಡನ್ ಬೇರೆ, ಇದು ಬೇರೆ. ಅವರ ಅಜ್ಜ ಅಜ್ಜಿ ಲೆಬನಾನಿನಿಂದ ವಲಸೆ ಬಂದವರು. 2009ರಲ್ಲಿ ಟೊರೊಂಟೋ ಮೇಪಲ್ ಲೀಫ್ಸ್ ತಂಡ ಆ ವರ್ಷದ ಹೊಸ ಆಟಗಾರರ ಪೈಕಿ ಏಳನೆಯವರಾಗಿ ಅವರನ್ನು ಆರಿಸಿಕೊಂಡಿತು. 1917ರಲ್ಲಿ ಆರಂಭವಾದ ನ್ಯಾಷನಲ್ ಹಾಕಿ ಲೀಗ್ ಈ ಆಟದ ಅತ್ಯುನ್ನತ ಕಣ. ಅದರಲ್ಲಿ ಮುಸ್ಲಿಮರು ಬೆರಳೆಣಿಕೆಯಷ್ಟೇ. ವಲಸಿಗರ ಮನೆಯ ಹುಡುಗನೊಬ್ಬ ಅಲ್ಲಿಗೆ ತಲುಪಿದ್ದು ಸಣ್ಣ ಸಂಗತಿಯಲ್ಲ.

ಆದರೆ ನಾನಿಲ್ಲಿ ಅವರನ್ನು ಹೊಗಳಲು ಹೊರಟಿಲ್ಲ. ಅವರ ದೌರ್ಬಲ್ಯವನ್ನೂ ನೋಡಬೇಕು. ಅದಿಲ್ಲದೆ ಮುಂದಿನ ಕಥೆ ಅರ್ಥವಾಗದು.

ಲೀಗ್ ಪಂದ್ಯಗಳು ಮುಗಿದ ಮೇಲೆ ಸ್ಟ್ಯಾನ್ಲಿ ಕಪ್‌ಗಾಗಿ ಕೊನೆಯ ಸುತ್ತುಗಳು ನಡೆಯುತ್ತವೆ. ಒಂದು ಸುತ್ತಿನಲ್ಲಿ ಎರಡು ತಂಡಗಳು ಹೆಚ್ಚೆಂದರೆ ಏಳು ಪಂದ್ಯ ಆಡುತ್ತವೆ. ನಾಲ್ಕು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. 2018ರಲ್ಲಿ ಬೋಸ್ಟನ್ ತಂಡದ ವಿರುದ್ಧದ ಸುತ್ತಿನಲ್ಲಿ ಕಾದ್ರಿ ಎದುರಾಳಿಯೊಬ್ಬನನ್ನು ನಿಯಮ ಮೀರಿ ಗೋಡೆಗೆ ಅಪ್ಪಳಿಸಿದರು. ಮೂರು ಪಂದ್ಯಗಳ ನಿಷೇಧ. ಏಳನೆಯ ಪಂದ್ಯದಲ್ಲಿ ಅವರ ತಂಡ ಸೋತಿತು. 2019ರಲ್ಲಿ ಮತ್ತೆ ಅದೇ ಬೋಸ್ಟನ್. ಎರಡನೆಯ ಪಂದ್ಯದಲ್ಲಿ ತನ್ನ ಜೊತೆಗಾರನಿಗೆ ಪೆಟ್ಟು ಬಿದ್ದದ್ದನ್ನು ಕಂಡು ಕೆರಳಿದ ಕಾದ್ರಿ, ಹೊಡೆದವನ ಮುಖಕ್ಕೆ ಕೋಲು ಅಡ್ಡಹಿಡಿದು ಬಡಿದರು. ಆ ಸುತ್ತು ಮುಗಿಯುವವರೆಗೆ ನಿಷೇಧ. ತಂಡ ಮತ್ತೆ ಏಳನೆಯ ಪಂದ್ಯದಲ್ಲಿ ಸೋತಿತು. ಅದೇ ವರ್ಷದ ಜುಲೈನಲ್ಲಿ ಟೊರೊಂಟೋ ಅವರನ್ನು ಕೊಲರಾಡೋ ಅವಲಾಂಚ್ ತಂಡಕ್ಕೆ ಬಿಟ್ಟುಕೊಟ್ಟಿತು. 2021ರಲ್ಲಿ ಸೇಂಟ್ ಲೂಯಿಸ್ ತಂಡದ ಜಸ್ಟಿನ್ ಫಾಕ್ ಎಂಬ ಆಟಗಾರನ ತಲೆಗೆ ಕಾದ್ರಿ ಭುಜದಿಂದ ಅಪ್ಪಳಿಸಿದರು. ಈ ಸಲ ಎಂಟು ಪಂದ್ಯಗಳ ನಿಷೇಧ. ಕೊಲರಾಡೋ ಮುಂದಿನ ಸುತ್ತಿನಲ್ಲಿ ಸೋತು ಹೊರಬಿತ್ತು. ಅವರ ನಿಷೇಧ ಮುಗಿಯುವಷ್ಟರಲ್ಲಿ ತಂಡದ ವರ್ಷವೂ ಮುಗಿದಿತ್ತು.

ನಾಲ್ಕು ವರ್ಷಗಳಲ್ಲಿ ಮೂರು ಸಲ. ಎಲ್ಲವೂ ತಂಡಕ್ಕೆ ಅವರು ಅತ್ಯಂತ ಅಗತ್ಯವಾಗಿದ್ದ ಗಳಿಗೆಯಲ್ಲಿ.

ಇಲ್ಲಿ 2019ರ ಘಟನೆಯನ್ನು ಇನ್ನೊಮ್ಮೆ ಗಮನಿಸಿ. ಅಂದು ಅವರ ಸಿಟ್ಟು ಸ್ವಾರ್ಥದ ರೂಪದಲ್ಲಿ ಬರಲಿಲ್ಲ, ಗೆಳೆತನದ ರೂಪದಲ್ಲಿ ಬಂತು. ‘ನನ್ನವನನ್ನು ಹೊಡೆದರು, ನಾನು ಸುಮ್ಮನಿರಬೇಕೇ?’ ಎಂದು ಅದು ಕೇಳಿತು. ನಮ್ಮ ಸಿಟ್ಟೂ ಹೆಚ್ಚಾಗಿ ಹೀಗೆಯೇ ಬರುತ್ತದೆ. ಅದು ‘ನಾನು ಸಿಟ್ಟು’ ಎಂದು ಹೆಸರು ಹೇಳಿಕೊಂಡು ಬರುವುದಿಲ್ಲ. ಅಣ್ಣನ ಮಾನ, ಮನೆತನದ ಮರ್ಯಾದೆ, ಜಮಾತಿನ ಗೌರವ, ಕೆಲವೊಮ್ಮೆ ಧರ್ಮದ ಅಭಿಮಾನ, ಹೀಗೆ ಒಳ್ಳೆಯ ಬಟ್ಟೆ ತೊಟ್ಟುಕೊಂಡೇ ಬಾಗಿಲು ತಟ್ಟುತ್ತದೆ. ನಾವು ಗೌರವದಿಂದ ಒಳಗೆ ಕರೆಯುತ್ತೇವೆ. ಕೆಲಸ ಮುಗಿದ ಮೇಲಷ್ಟೇ ಬಂದದ್ದು ಯಾರೆಂಬುದು ಗೊತ್ತಾಗುತ್ತದೆ. ಕಾದ್ರಿ ಯಾವ ಜೊತೆಗಾರರ ಪರವಾಗಿ ಕೋಲೆತ್ತಿದರೋ ಅವರೆಲ್ಲರೂ ಅದರಿಂದಾಗಿಯೇ ಬಲ ಕುಂದಿ ಆಡಬೇಕಾಯಿತು.

ನಮ್ಮ ಮನೆಗಳಲ್ಲಿ ನಡೆಯುವುದೇನು? ಗಂಡ ಸಿಟ್ಟಿನ ಒಂದು ಗಳಿಗೆಯಲ್ಲಿ ‘ತಲಾಕ್’ ಎಂಬ ಶಬ್ದವನ್ನು ಬಾಯಿಂದ ಹೊರಡಿಸುತ್ತಾನೆ, ಮರುದಿನ ಮೌಲಾನಾರ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾನೆ. ಅಷ್ಟರಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟಿರುತ್ತಾಳೆ. ಅಣ್ಣ ತಮ್ಮಂದಿರು ಎರಡು ಗೇಣು ಬದುವಿಗಾಗಿ ಆಡಿದ ಮಾತಿನಿಂದ ಹತ್ತು ವರ್ಷ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ಮುದಿ ತಾಯಿ ಎರಡು ಮನೆಗಳ ನಡುವೆ ಕಣ್ಣೀರಿಡುತ್ತಾಳೆ. ಸಿಟ್ಟು ಮಾಡಿದವನೇನೋ ಎರಡು ನಿಮಿಷ ಸಿಟ್ಟು ಮಾಡಿದ. ಉಳಿದವರು ಒಬ್ಬ ಕಡಿಮೆಯಾದ ತಂಡದಂತೆ ವರ್ಷಗಟ್ಟಲೆ ಆಡುತ್ತಿರಬೇಕು.

ಈಗ 2022ಕ್ಕೆ ಬರೋಣ. ಆ ವರ್ಷ ಕಾದ್ರಿ ತಮ್ಮ ವೃತ್ತಿಯ ಅತ್ಯುತ್ತಮ ಆಟವಾಡಿದ್ದರು. ಕೊನೆಯ ಸುತ್ತುಗಳಲ್ಲಿ ಮತ್ತೆ ಎದುರಾದದ್ದು ಯಾರು? ಹಿಂದಿನ ವರ್ಷ ಎಡವಿದ್ದ ಅದೇ ಸೇಂಟ್ ಲೂಯಿಸ್ ತಂಡ. ಮೇ 21ರ ಪಂದ್ಯದಲ್ಲಿ ಬಿಲ್ಲೆಯ ಹಿಂದೆ ವೇಗವಾಗಿ ನುಗ್ಗಿದ ಕಾದ್ರಿ ಮತ್ತು ಒಬ್ಬ ಎದುರಾಳಿ ಆ ತಂಡದ ಗೋಲ್‌ಕೀಪರ್ ಮೇಲೆ ಬಿದ್ದರು. ಗೋಲ್‌ಕೀಪರ್‌ನ ಮೊಣಕಾಲಿಗೆ ಪೆಟ್ಟಾಗಿ ಅವರು ಆ ವರ್ಷ ಮತ್ತೆ ಆಡಲಾಗಲಿಲ್ಲ. ತೀರ್ಪುಗಾರರು ಇದನ್ನು ತಪ್ಪೆಂದು ಪರಿಗಣಿಸಲಿಲ್ಲ. ಆದರೆ ಜನರು ತಮ್ಮದೇ ತೀರ್ಪು ಕೊಟ್ಟರು. ಕಾದ್ರಿಯ ಜನಾಂಗವನ್ನೂ ಧರ್ಮವನ್ನೂ ಹೀನಾಯವಾಗಿ ನಿಂದಿಸುವ, ಪ್ರಾಣ ತೆಗೆಯುವುದಾಗಿ ಬೆದರಿಸುವ ಸಂದೇಶಗಳು ಅವರಿಗೆ ಬಂದವು. ಪೊಲೀಸರು ಅವರಿಗೆ ರಕ್ಷಣೆ ಒದಗಿಸಬೇಕಾಯಿತು.

ಸಂದೇಶ ಕಳುಹಿಸಿದವರ ಕೈಯಲ್ಲಿ ಒಂದು ನೆಪವಿತ್ತು. ‘ಇವನ ಹಳೆಯ ಚರಿತ್ರೆ ನಮಗೆ ಗೊತ್ತಿಲ್ಲವೇ?’ ಎಂಬುದೇ ಆ ನೆಪ. ಒಪ್ಪೋಣ, ಚರಿತ್ರೆ ಇತ್ತು. ಹಿಂದಿನ ತಪ್ಪುಗಳು ಅವರದೇ ಆಗಿದ್ದವು. ಆದರೆ ಒಬ್ಬನ ತಪ್ಪಿಗೆ ಅವನ ಧರ್ಮವನ್ನು ಕಟಕಟೆಗೆ ಎಳೆಯುವುದು ಯಾವ ನ್ಯಾಯ? ಆಟದ ಮೈದಾನದ ತಪ್ಪಿಗೆ ಆಟದ ನಿಯಮವಿದೆ. ದ್ವೇಷಕ್ಕೆ ಅದು ಪರವಾನಗಿಯಾಗಲಾರದು. ಇದೇ ಮಾತು ನಮಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಬೇರೊಂದು ಸಮುದಾಯದ ಒಬ್ಬ ತಪ್ಪು ಮಾಡಿದಾಗ ‘ಅವರೆಲ್ಲ ಹೀಗೆಯೇ’ ಎಂದು ನಾವು ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತು ಹೇಳಿಲ್ಲವೇ?

ಎರಡು ದಿನಗಳ ನಂತರ, ಮೇ 23ರಂದು, ಅದೇ ಊರಿನಲ್ಲಿ ಮುಂದಿನ ಪಂದ್ಯ. ಸಾವಿರಾರು ಜನ ಅವರನ್ನು ಅಣಕಿಸುತ್ತಿದ್ದರು. ಎದುರಾಳಿಗಳು ಅವರನ್ನು ಕೆಣಕಿದರು, ಮೈಮೇಲೆ ಬಿದ್ದರು. ಹಿಂದಿನ ಕಾದ್ರಿಯನ್ನು ಬಲ್ಲವರಿಗೆ ಏನಾಗಬಹುದೆಂಬ ನಿರೀಕ್ಷೆಯಿತ್ತು. ಒಂದೇ ಒಂದು ಹೊಡೆತ, ಮತ್ತೊಂದು ನಿಷೇಧ, ಮತ್ತೊಂದು ಸೋಲು. ಆದರೆ ಅಂದು ಹಾಗಾಗಲಿಲ್ಲ. ಕಾದ್ರಿ ಮೂರು ಗೋಲು ಹೊಡೆದರು. ತಂಡ 6-3ರಿಂದ ಗೆದ್ದಿತು.

ಓದುಗರೇ, ತೌಬಾ ಎಂದರೇನು ಎಂದು ನಾವು ಹಲವು ಸಲ ಕೇಳುತ್ತೇವೆ. ಪಶ್ಚಾತ್ತಾಪದ ಮಾತುಗಳನ್ನು ಹೇಳುವುದು ಅದರ ಆರಂಭ ಮಾತ್ರ. ಜಾರಿದ ಜಾಗಕ್ಕೆ ಮತ್ತೆ ಬಂದು ನಿಂತಾಗ, ಅದೇ ಎದುರಾಳಿ, ಅದೇ ಕೆಣಕಾಟ, ಹಿಂದಿಗಿಂತ ಹೆಚ್ಚಿನ ಕಾರಣವಿದ್ದಾಗ ಜಾರದೆ ಉಳಿಯುವುದು, ಅದರ ಪರೀಕ್ಷೆ ಅಲ್ಲಿದೆ. ಕಾದ್ರಿಯ ಮನಸ್ಸಿನೊಳಗೆ ಏನಿತ್ತೆಂಬುದು ಅಲ್ಲಾಹನಿಗೆ ಮಾತ್ರ ಗೊತ್ತು. ಆದರೆ ಹೊರಗೆ ಕಂಡ ಕೃತ್ಯ ನಮಗೆ ಪಾಠವಾಗಬಲ್ಲದು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ‘ಹಾಗಾದರೆ ಅವಮಾನವನ್ನು, ಅನ್ಯಾಯವನ್ನು ಸಹಿಸಿಕೊಂಡು ಬಾಯಿ ಮುಚ್ಚಿ ಕುಳಿತಿರಬೇಕೇ? ನಮ್ಮ ಧರ್ಮವನ್ನು ನಿಂದಿಸಿದರೂ?’ ಖಂಡಿತ ಇಲ್ಲ. ಕಾದ್ರಿಯ ಕುಟುಂಬ ಬಾಯಿ ಮುಚ್ಚಿ ಕೂರಲಿಲ್ಲ. ಬಂದ ಬೆದರಿಕೆಗಳನ್ನು ಅವರ ಪತ್ನಿ ಬಹಿರಂಗವಾಗಿ ಜನರ ಮುಂದಿಟ್ಟರು. ವಿಷಯ ಪೊಲೀಸರಿಗೂ ಲೀಗಿಗೂ ತಲುಪಿತು. ನ್ಯಾಯ ಕೇಳುವುದು ಬೇರೆ, ಸೇಡು ತೀರಿಸುವುದು ಬೇರೆ. ಸಿಟ್ಟಿನಲ್ಲಿ ಕೈಯೆತ್ತಿದವನು ನ್ಯಾಯ ಕೇಳುವ ಹಕ್ಕನ್ನೇ ಎದುರಾಳಿಯ ಕೈಗೆ ಕೊಟ್ಟುಬಿಡುತ್ತಾನೆ. ಅನ್ಯಾಯಕ್ಕೊಳಗಾದವನಾಗಿ ಠಾಣೆಗೆ ಹೋಗಬೇಕಾದವನು ಅಪರಾಧಿಯಾಗಿ ಹೋಗುತ್ತಾನೆ. ಇಂದು ಕೈಯಲ್ಲೊಂದು ಮೊಬೈಲ್ ಹಿಡಿದುಕೊಂಡು, ಯಾರೋ ಬೇಕೆಂದೇ ಹಾಕಿದ ಒಂದು ಕೆಟ್ಟ ಮಾತಿಗೆ ರಾತ್ರೋರಾತ್ರಿ ಬೀದಿಗಿಳಿಯುವ ನಮ್ಮ ಯುವಕರು ಇದನ್ನು ಯೋಚಿಸಬೇಕು. ಕೆಣಕಿದವನಿಗೆ ಬೇಕಾಗಿದ್ದದ್ದು ನಮ್ಮ ಉತ್ತರವಲ್ಲ, ನಮ್ಮ ಸಿಟ್ಟು. ಅದನ್ನು ಕೊಟ್ಟರೆ ಗೆದ್ದವನು ಅವನೇ.

ಇನ್ನೊಂದು ಪ್ರಶ್ನೆ. ಹೊಡೆದಾಡುವ ಆಟವನ್ನೇ ಕಸುಬು ಮಾಡಿಕೊಂಡವನಲ್ಲಿ ಸಂಯಮ ಹುಡುಕುವುದೇ ವಿಚಿತ್ರವಲ್ಲವೇ? ಇಸ್ಲಾಮ್ ಬಲವನ್ನು ಹೀನವೆಂದು ಕಾಣುವುದಿಲ್ಲ. ಪ್ರವಾದಿವರ್ಯರು(ಸ) ರುಕಾನ ಎಂಬ ಹೆಸರಾಂತ ಪೈಲ್ವಾನನೊಡನೆ ಕುಸ್ತಿಯಾಡಿದ ವರದಿಗಳಿವೆ. ಹಝ್ರತ್ ಅಲಿ(ರ) ಅವರ ಬಗ್ಗೆ ತಲೆಮಾರುಗಳಿಂದ ಹೇಳುತ್ತ ಬಂದಿರುವ ಒಂದು ಕಥೆಯೂ ಇದೆ. ರಣರಂಗದಲ್ಲಿ ಕೆಳಗೆ ಬಿದ್ದ ವೈರಿ ಮುಖಕ್ಕೆ ಉಗುಳಿದಾಗ ಅವರು ಎತ್ತಿದ ಖಡ್ಗವನ್ನು ಇಳಿಸಿಬಿಟ್ಟರಂತೆ. ಆ ಕ್ಷಣದಿಂದ ಆ ಹೊಡೆತ ಕರ್ತವ್ಯದ್ದಾಗದೆ ತನ್ನ ಸ್ವಂತ ಕೋಪದ್ದಾಗುತ್ತಿತ್ತು ಎಂಬುದೇ ಕಾರಣ. ಕೈ ಒಂದೇ, ಬಲ ಒಂದೇ. ಅದನ್ನು ನಡೆಸುವವರು ಯಾರು ಎಂಬುದರಲ್ಲಿ ವ್ಯತ್ಯಾಸ. ನಮ್ಮ ಮೈಬಲ ಅಲ್ಲಾಹನು ಕೆಲವು ವರ್ಷಗಳಿಗಾಗಿ ಕೊಟ್ಟ ಅಮಾನತ್ತು. ಹಾಕಿ ಆಟಗಾರನಿಗಾಗಲಿ ಹೊಲದಲ್ಲಿ ತೊಗರಿ ಕೊಯ್ಯುವವನಿಗಾಗಲಿ ಅದು ಒಂದು ದಿನ ಹಿಂದಕ್ಕೆ ಹೋಗುತ್ತದೆ. ಉಳಿಯುವುದು ಅದನ್ನು ಹೇಗೆ ಬಳಸಿದೆವೆಂಬ ಲೆಕ್ಕ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಜೂನ್ 4ರಂದು ಎಡ್ಮಂಟನ್ ತಂಡದ ಆಟಗಾರನೊಬ್ಬ ಕಾದ್ರಿಯನ್ನು ಹಿಂದಿನಿಂದ ಗೋಡೆಗೆ ನೂಕಿದ. ಹೆಬ್ಬೆರಳು ಮುರಿಯಿತು, ಶಸ್ತ್ರಚಿಕಿತ್ಸೆಯಾಯಿತು. ಹಿಂದೆ ತಾನು ಇನ್ನೊಬ್ಬರನ್ನು ಗೋಡೆಗೆ ಅಪ್ಪಳಿಸಿದವರು ಈಗ ಅದರ ನೋವನ್ನು ತಾವೇ ಉಂಡರು. ಆದರೂ ಜೂನ್ 22ರಂದು ಅಂತಿಮ ಸುತ್ತಿನ ನಾಲ್ಕನೆಯ ಪಂದ್ಯಕ್ಕೆ ಮರಳಿ ಬಂದು, ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದರು. ಜೂನ್ 26ರಂದು ಕೊಲರಾಡೋ ಕಪ್ ಗೆದ್ದಿತು. ಗೆದ್ದ ಆಟಗಾರರ ಹೆಸರನ್ನು ಆ ಬೆಳ್ಳಿಯ ಕಪ್ಪಿನ ಮೇಲೆ ಕೆತ್ತುವ ಸಂಪ್ರದಾಯವಿದೆ. ಹಾಗೆ ಹೆಸರು ಕೆತ್ತಿಸಿಕೊಂಡ ಮೊದಲ ಮುಸ್ಲಿಮ್ ಆಟಗಾರ ಅವರೇ. ಆ ಆಗಸ್ಟ್‌ನಲ್ಲಿ ಕ್ಯಾಲ್ಗರಿ ತಂಡ ಅವರೊಡನೆ ಏಳು ವರ್ಷಗಳಿಗೆ 490 ಲಕ್ಷ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ತಮ್ಮ ಊರಿನ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೇಂದ್ರಕ್ಕೆ ಅವರು 10 ಲಕ್ಷ ಡಾಲರ್ ದಾನ ಮಾಡಿದರು.

ಗೆದ್ದ ರಾತ್ರಿಯ ಒಂದು ಸಂಗತಿಯನ್ನು ಮುಚ್ಚಿಡಬಾರದು. ಟೀವಿಯವರು ಮೈಕು ಹಿಡಿದಾಗ, ತನ್ನನ್ನು ತಂಡಕ್ಕೆ ಹೊರೆಯೆಂದಿದ್ದ ಟೀಕಾಕಾರರಿಗೆ ಕಾದ್ರಿ ಒರಟಾದ ಒಂದು ಬೈಗುಳದ ಮಾತನ್ನು ಎಸೆದರು. ಕೈ ಗೆದ್ದಿತ್ತು, ನಾಲಿಗೆ ಇನ್ನೂ ಗೆದ್ದಿರಲಿಲ್ಲ. ಇದನ್ನು ಓದಿ ನಗುವ ಮೊದಲು ನಾವು ನಮ್ಮ ನಾಲಿಗೆಯನ್ನು ಮುಟ್ಟಿ ನೋಡಿಕೊಳ್ಳೋಣ. ಕಷ್ಟದಲ್ಲಿ ಸಹನೆ ತೋರಿದ ಎಷ್ಟೋ ಮಂದಿ ಗೆದ್ದ ದಿನ ಅದನ್ನು ಕಳೆದುಕೊಳ್ಳುತ್ತಾರೆ. ಸಂಯಮವು ಒಮ್ಮೆ ಗೆದ್ದು ಮನೆಯ ಮೊಳೆಗೆ ತೂಗುಹಾಕುವ ಕಡಗವಲ್ಲ. ಅದನ್ನು ಪ್ರತಿದಿನ ಗೆಲ್ಲಬೇಕು.

2022ರ ಆಗಸ್ಟ್ 27ರಂದು ಕಾದ್ರಿ ಆ ಕಪ್ಪನ್ನು ತಮ್ಮ ಊರಿಗೆ ತಂದರು. ಲಂಡನ್ ಮುಸ್ಲಿಮ್ ಮಸೀದಿಗೂ ತೆಗೆದುಕೊಂಡು ಹೋದರು. ಆ ಊರಿಗೆ ಅದೆಂಥ ದಿನವೆಂದು ತಿಳಿಯಲು ಒಂದು ವರ್ಷ ಹಿಂದಕ್ಕೆ ಹೋಗಬೇಕು. 2021ರ ಜೂನ್ 6ರ ಸಂಜೆ, ವಾಯುವಿಹಾರಕ್ಕೆ ಹೊರಟಿದ್ದ ಅಫ್ಝಾಲ್ ಕುಟುಂಬದ ಮೇಲೆ ಒಬ್ಬ ಯುವಕ ಬೇಕೆಂದೇ ವಾಹನ ಹರಿಸಿದ್ದ. ಅವರು ಮುಸ್ಲಿಮರು ಎಂಬುದೇ ಕಾರಣ. ಅಜ್ಜಿ, ಮಗ, ಸೊಸೆ, ಮೊಮ್ಮಗಳು, ಮೂರು ತಲೆಮಾರಿನ ನಾಲ್ವರು ತೀರಿಕೊಂಡರು. ಒಂಬತ್ತು ವರ್ಷದ ಹುಡುಗ ಮಾತ್ರ ಉಳಿದ. ಆ ದುಃಖದಲ್ಲಿ ಆ ಊರಿನ ಮುಸ್ಲಿಮರು ಕಲ್ಲೆತ್ತಲಿಲ್ಲ. ಸಾವಿರಾರು ಮಂದಿ ಅನ್ಯಧರ್ಮೀಯರು ಅವರೊಂದಿಗೆ ಮಸೀದಿಯ ಮುಂದೆ ನಿಂತು ಕಣ್ಣೀರಿಟ್ಟರು. ನ್ಯಾಯಾಲಯ ತನ್ನ ಕೆಲಸ ಮಾಡಿತು. 2024ರಲ್ಲಿ ಕೊಲೆಗಾರನಿಗೆ ಜೀವಾವಧಿ ಶಿಕ್ಷೆಯಾಯಿತು. ಸಂಯಮವೆಂಬುದು ದುರ್ಬಲರ ನೆಪವೇ ಎಂಬ ನಮ್ಮ ಪ್ರಶ್ನೆಗೆ ಆ ಮಸೀದಿಯ ಅಂಗಳಕ್ಕಿಂತ ದೊಡ್ಡ ಉತ್ತರ ಬೇಕೇ?

ಕೋಪ ಬಂದಾಗ ನಿಂತಿದ್ದರೆ ಕುಳಿತುಕೊಳ್ಳಬೇಕು, ಅಷ್ಟಕ್ಕೂ ತಣಿಯದಿದ್ದರೆ ಮಲಗಬೇಕು ಎಂಬುದು ಪ್ರವಾದಿವರ್ಯರು(ಸ) ತೋರಿದ ದಾರಿ. ಐಸ್ ಹಾಕಿಯ ನಿಯಮವೂ ಕುಳಿತುಕೊಳ್ಳಲು ಹೇಳುತ್ತದೆ. ಆದರೆ ಅದು ಹೊಡೆದಾದ ಮೇಲೆ, ಶಿಕ್ಷೆಯಾಗಿ ಕೂರಿಸುತ್ತದೆ. ಪ್ರವಾದಿಯವರ(ಸ) ಬೋಧನೆ ಹೊಡೆಯುವ ಮೊದಲೇ, ಕರುಣೆಯಿಂದ ಕೂರಿಸುತ್ತದೆ. ಹೇಗೂ ಕೂರಲೇಬೇಕು, ಮೊದಲೇ ಕೂತರೆ ಮನೆ ಉಳಿಯುತ್ತದೆ.

ಇಂದು ಸಂಜೆಯೇ ಇದನ್ನು ಮಾಡಿ ನೋಡಿ. ಊಟಕ್ಕೆ ತಡವಾಯಿತೆಂದು ಮನೆಯವಳ ಮೇಲೆ ದನಿ ಏರುವ ಹೊತ್ತಿಗೆ, ಮಗ ಹೇಳಿದ ಮಾತು ಕೇಳಲಿಲ್ಲವೆಂದು ಕೈ ಏಳುವ ಹೊತ್ತಿಗೆ, ಅತ್ತೆ ಸೊಸೆಯರ ನಡುವೆ ಹಳೆಯ ಮಾತೊಂದು ಮೇಲೇಳುವ ಹೊತ್ತಿಗೆ, ಎರಡು ನಿಮಿಷ ಕುಳಿತುಕೊಳ್ಳಿ. ಒಂದು ಲೋಟ ನೀರು ಕುಡಿಯಿರಿ, ವುಝೂ ಮಾಡಿ. ಮಾತು ಬಿಟ್ಟ ಅಣ್ಣನ ಮನೆಯ ಬಾಗಿಲಿಗೆ ಹೋಗಿ ಮೊದಲ ಸಲಾಮ್ ನೀವೇ ಹೇಳಿ. ಹಲಗೆ ಬಾರಿಸುವವರು ಅಲ್ಲಿರುವುದಿಲ್ಲ, ಕಡಗ ತೊಡಿಸುವವರೂ ಇರುವುದಿಲ್ಲ. ನೋಡುವವನು ಒಬ್ಬನೇ ಇರುತ್ತಾನೆ, ಅವನಿಂದ ಯಾವ ಪ್ರತಿಫಲವೂ ತಪ್ಪಿಹೋಗುವುದಿಲ್ಲ.

ಸಿಟ್ಟಿನ ಗಳಿಗೆಯಲ್ಲಿ ನಮ್ಮನ್ನು ನಾವು ಹಿಡಿದುಕೊಳ್ಳುವ ಬಲವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.